ಎರಡು ಕೀಲಿಯ ಲಾಕರ್

ಕೇಳುಗರಿಗೆ ನಮಸ್ಕಾರ.

ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಎಂ.ಎಸ್. ಅಂತಾರೆ. ಮೊದಲು ಬಲಗಣ್ಣು ಮಂಜಾಯಿತು. ಜಯನಗರದ ಸ್ಟಾಪಿನಲ್ಲಿ ನಿಂತರೆ ಬಸ್ಸಿನ ನಂಬರ್ ಕಾಣುತ್ತಿರಲಿಲ್ಲ. ಕಣ್ಣು ಹೊರಳಿಸಿದರೆ ನೋವು. ಮೂರು ವಾರಕ್ಕೆ ತಾನಾಗಿಯೇ ಸರಿಹೋಯಿತು, ನಾವೂ ಮರೆತೆವು. ಆರು ತಿಂಗಳಾದ ಮೇಲೆ ಕಾಲು ಜೋಮು ಹಿಡಿಯಿತು. ಎಂ.ಆರ್.ಐ. ಮಾಡಿಸಿದಾಗ ಕಾಯಿಲೆಯ ಹೆಸರು ತಿಳಿಯಿತು.

"ಅಕ್ಕಾ, ನನ್ನ ಮೈಯೇ ನನ್ನ ಮೇಲೆ ಯಾಕೆ ತಿರುಗಿಬಿತ್ತು?" ಅಂತ ಕೇಳಿದಳು. ಅವಳಿಗೋಸ್ಕರ ಓದಿ ತಿಳಿದದ್ದನ್ನು ಇವತ್ತು ಹೇಳುತ್ತೇನೆ.

ವೈರಿನ ಮೇಲಿನ ಪ್ಲಾಸ್ಟಿಕ್ಕಿನ ಹಾಗೆ ನರಗಳಿಗೂ ಒಂದು ಹೊದಿಕೆ ಇದೆ, ಮೈಲಿನ್. ಎಂ.ಎಸ್.ನಲ್ಲಿ ನಮ್ಮದೇ ಬಿಳಿ ರಕ್ತಕಣಗಳು ಅದನ್ನು ಕೆಡಿಸುತ್ತವೆ. ಇದರಲ್ಲಿ ಮುಖ್ಯವಾದದ್ದು ಟಿ ಕೋಶ. ಅದು ಸುಮ್ನೆ ಕೆರಳುವುದಿಲ್ಲ. ಬ್ಯಾಂಕ್ ಲಾಕರ್ ತೆರೆಯಲು ನಮ್ಮ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು ಅಲ್ವಾ? ಹಾಗೇ ಇಲ್ಲೂ. ಇನ್ನೊಂದು ಕೋಶ ಬಂದು ಪ್ರೋಟೀನಿನ ಚೂರೊಂದನ್ನು ತೋರಿಸಬೇಕು. ಅದರ ಜೊತೆಗೇ "ಇದು ಅಪಾಯ" ಅನ್ನುವ ಸನ್ನೆಯನ್ನೂ ಕೊಡಬೇಕು. ಎರಡೂ ಸಿಕ್ಕರೆ ಟಿ ಕೋಶ ಒಂದು ಹೋಗಿ ನೂರಾಗುತ್ತದೆ. ಸೈಟೋಕೈನ್ ಎಂಬ ಸುದ್ದಿಯ ಕಣಗಳನ್ನು ಬಿಟ್ಟು ಉಳಿದವನ್ನೂ ಕರೆಯುತ್ತದೆ.

ಈ ಸುದ್ದಿಯನ್ನು ಎಲ್ಲೆಂದರಲ್ಲಿ ಕತ್ತರಿಸುವ ಹಾಗಿಲ್ಲ. ಟಿ.ಎನ್.ಎಫ್. ಎಂಬ ಸೈಟೋಕೈನನ್ನು ತಡೆದರೆ ಸಂಧಿವಾತಕ್ಕೆ ಗುಣ ಕಾಣುತ್ತದೆ. ಎಂ.ಎಸ್.ನಲ್ಲಿ ಅದನ್ನೇ ತಡೆದು ನೋಡಿದಾಗ ಕಾಯಿಲೆ ಇನ್ನೂ ಜಾಸ್ತಿಯಾಯಿತು.

ನನಗೆ ಬಹಳ ಹಿಡಿಸಿದ್ದು ಬಿ ಕೋಶ ಎಂಬ ಇನ್ನೊಂದು ಬಿಳಿ ರಕ್ತಕಣದ ಕಥೆ. ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿಕೊಂಡು ತಡೆಯುವ ಪ್ರೋಟೀನು, ಅದನ್ನು ತಯಾರಿಸುವುದೇ ಬಿ ಕೋಶದ ಕೆಲಸ ಅಂತ ತುಂಬ ಕಾಲ ತಿಳಿದಿದ್ದರು. ರಿಟುಕ್ಸಿಮ್ಯಾಬ್ ಔಷಧಿ ಬಿ ಕೋಶಗಳನ್ನು ಅಳಿಸುತ್ತದೆ. ಆದರೆ ಪ್ರತಿಕಾಯ ಸುರಿಸುವ ಬಲಿತ ಕೋಶಗಳನ್ನು ಮುಟ್ಟುವುದಿಲ್ಲ. ಆದರೂ 2008ರ ಪ್ರಯೋಗದಲ್ಲಿ ಕೆಲವೇ ವಾರಗಳಲ್ಲಿ ಮಿದುಳಿನ ಹೊಸ ಗಾಯಗಳು ಕಡಿಮೆಯಾದವು. ಅಂದರೆ ಟಿ ಕೋಶಕ್ಕೆ ಚೂರು ತೋರಿಸಿ, ಸನ್ನೆ ಕೊಟ್ಟು, ಕೆರಳಿಸುತ್ತಿದ್ದವರಲ್ಲಿ ಬಿ ಕೋಶವೂ ಇತ್ತು! ಎಪ್‌ಸ್ಟೈನ್-ಬಾರ್ ವೈರಸ್ ಅಡಗಿ ಕೂರುವುದೂ ಇದರೊಳಗೇ. ಆ ಸೋಂಕು ತಗುಲಿದವರಲ್ಲಿ ಎಂ.ಎಸ್. ಬರುವ ಸಾಧ್ಯತೆ 32 ಪಟ್ಟು ಜಾಸ್ತಿ ಎಂದು 2022ರಲ್ಲಿ ಅಮೆರಿಕದ ಸೇನೆಯವರ ಮೇಲೆ ನಡೆದ ಅಧ್ಯಯನ ತೋರಿಸಿತು. ಸೋಂಕಾದ ಬಹುತೇಕರಿಗೆ ಕಾಯಿಲೆ ಬರುವುದಿಲ್ಲ, ಹೆದರಬೇಡಿ.

ತಂಗಿ ಈಗ ಆರು ತಿಂಗಳಿಗೊಮ್ಮೆ ಇಂಥ ಔಷಧಿಯ ಡ್ರಿಪ್ ಹಾಕಿಸಿಕೊಳ್ಳುತ್ತಾಳೆ. ನೆಗಡಿ, ಜ್ವರ ಇರುವವರ ಹತ್ತಿರ ಹೋಗುವುದಿಲ್ಲ. ಕೆಲಸಕ್ಕೆ ಹೋಗುತ್ತಾಳೆ.

ನಾವು ಮರೆತು ಕೂತ ಆ ಆರು ತಿಂಗಳು ನನ್ನನ್ನು ಈಗಲೂ ಕಾಡುತ್ತವೆ. ಹೊದಿಕೆ ಸ್ವಲ್ಪವಾದರೂ ಮತ್ತೆ ಬೆಳೆಯುತ್ತದೆ. ಮಿದುಳಿನಲ್ಲಿ ತುಂಡಾದ ನರದ ಎಳೆ ಬೆಳೆಯುವುದಿಲ್ಲ. ಒಂದೇ ಕಣ್ಣು ಮಂಜಾಗಿ, ಹೊರಳಿಸಿದಾಗ ನೋವಾದರೆ, ತಾನಾಗಿ ಸರಿಹೋದರೂ ಬಿಡಬೇಡಿ, ನರರೋಗದ ವೈದ್ಯರಿಗೆ ತೋರಿಸಿ. ನಿಮ್ಹಾನ್ಸ್ ಇರುವ ಊರು ನಮ್ಮದು.

ನಮಸ್ಕಾರ.