ಸೊಟ್ಟ ಹಲಗೆಯನ್ನು ಕ್ಲಾಂಪ್ ನೆಟ್ಟಗೆ ಮಾಡುವುದಿಲ್ಲ

ನನ್ನ ಮೊದಲ ಮೇಜಿನ ಕಥೆಯಿಂದಲೇ ಶುರು ಮಾಡುತ್ತೇನೆ. ಐದು ಹಲಗೆ ಅಂಟಿಸಿ ಮೇಲ್ಹಲಗೆ ಮಾಡುತ್ತಿದ್ದೆ. ಅದರಲ್ಲಿ ಒಂದು ನುಲಿದುಕೊಂಡಿತ್ತು. ನನಗೆ ಗೊತ್ತಿತ್ತು. ಬಿಗಿಯಾಗಿ ಹಿಡಿದರೆ ಸರಿ ಹೋಗುತ್ತದೆ ಅಂತ ಅಂದುಕೊಂಡು ಕ್ಲಾಂಪ್ ತಿರುಗಿಸುತ್ತಲೇ ಹೋದೆ. ರಾತ್ರಿಯೆಲ್ಲ ಚಪ್ಪಟೆಯಾಗಿಯೇ ಇತ್ತು. ಬೆಳಿಗ್ಗೆ ಕ್ಲಾಂಪ್ ಒಂದೊಂದಾಗಿ ಬಿಚ್ಚಿದೆ. ಒಂದು ಮೂಲೆ ಮೆಲ್ಲಗೆ ಮೇಲೆದ್ದಿತು.

ಅಂಟು ಎಲ್ಲೂ ಬಿಟ್ಟಿರಲಿಲ್ಲ. ತೊಂದರೆ ಆಗಿದ್ದೇ ಅಲ್ಲಿ. ಅಂಟು ಗಟ್ಟಿಯಾಗಿ ಹಿಡಿದಿದ್ದರಿಂದ ಆ ಒಂದು ಹಲಗೆ ಉಳಿದ ನಾಲ್ಕನ್ನೂ ತನ್ನ ಕಡೆಗೆ ಎಳೆದುಕೊಂಡಿತ್ತು.

ಕ್ಲಾಂಪ್ ಇರುವುದು ಸಂದು ಮುಚ್ಚುವುದಕ್ಕೆ. ಹಲಗೆ ನೆಟ್ಟಗೆ ಮಾಡುವುದಕ್ಕೆ ಅಲ್ಲ. ಆ ಕೆಲಸ ಅಂಟಿನ ಡಬ್ಬಿ ತೆರೆಯುವ ಮುಂಚೆ ಮುಗಿದಿರಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಹಾಗಂತ ಎಲ್ಲ ಡೊಂಕೂ ಒಂದೇ ಅಲ್ಲ. ಉದ್ದಕ್ಕೆ ಬಿಲ್ಲಿನಂತೆ ಸ್ವಲ್ಪ ಬಾಗಿದ ಹಲಗೆಗೆ ನಾನು ಅಷ್ಟು ಹೆದರುವುದಿಲ್ಲ. ಅಂಟಿಲ್ಲದೆ ಪಕ್ಕದ ನೆಟ್ಟನೆಯ ಹಲಗೆಗೆ ಒರಗಿಸಿ ಅಂಗೈಯಲ್ಲಿ ಒತ್ತಿ ನೋಡಿ. ಕೈಯ ಬಲಕ್ಕೆ ಸಮ ಆದರೆ ಅಕ್ಕಪಕ್ಕದ ಹಲಗೆಗಳು ಅದನ್ನು ಹಿಡಿದುಕೊಳ್ಳುತ್ತವೆ. ಮೇಲೆ ಕೆಳಗೆ ಅಡ್ಡಪಟ್ಟಿ ಕೊಟ್ಟು ಬಿಗಿದರೆ ಸಾಕು. ಆ ಪಟ್ಟಿಗೆ ಪ್ಯಾಕಿಂಗ್ ಟೇಪ್ ಸುತ್ತುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಅದೂ ಅಂಟಿಕೊಂಡುಬಿಡುತ್ತದೆ. ಕೈಗೆ ಬಗ್ಗದೆ ಕ್ಲಾಂಪಿನ ಹಿಡಿಕೆಗೆ ಮಾತ್ರ ಬಗ್ಗುವ ಹಲಗೆಯನ್ನು ಪಕ್ಕಕ್ಕಿಡಿ.

ನುಲಿದ ಹಲಗೆ ಬೇರೆಯದೇ ವಿಷಯ. ಸುಮ್ನೆ ಕಣ್ಣಿಗೆ ಅದು ಸಿಗುವುದಿಲ್ಲ. ನೇರವಾದ ಎರಡು ಪಟ್ಟಿ ತಗೊಂಡು ಹಲಗೆಯ ಎರಡು ತುದಿಯಲ್ಲಿ ಅಡ್ಡಕ್ಕೆ ಇಡಿ. ಬಗ್ಗಿ, ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚು ನೋಡಿ. ಎರಡೂ ಅಂಚು ಒಂದೇ ಸಮ ಕಾಣದಿದ್ದರೆ ಹಲಗೆ ನುಲಿದಿದೆ ಅಂತಲೇ ಅರ್ಥ. ಎತ್ತರ ಇರುವ ಮೂಲೆಗಳನ್ನು ಹತ್ತರಿಯಿಂದ (ಮರ ಹೆರೆಯುವ ಕೈ ಉಪಕರಣ) ಇಳಿಸಬೇಕು, ದಪ್ಪ ಕಡಿಮೆ ಆದರೂ ಪರವಾಗಿಲ್ಲ. ಜಾಸ್ತಿ ನುಲಿದಿದ್ದರೆ ಅದನ್ನು ಮೇಲ್ಹಲಗೆಗೆ ಬಳಸಲೇಬೇಡಿ. ಉದ್ದ ಅರ್ಧ ಮಾಡಿದರೆ ನುಲಿತವೂ ಸುಮಾರು ಅರ್ಧ ಆಗುತ್ತದೆ. ಬೇರೆಲ್ಲಾದರೂ ಚಿಕ್ಕ ತುಂಡಿಗೆ ಆಗುತ್ತದೆ, ಮರ ಹಾಳಾಗುವುದಿಲ್ಲ.

ಹಲಗೆಯ ಮೇಲ್ಮುಖ ಹೆರೆದು ದಪ್ಪ ಇಳಿಸುವ ಪ್ಲೇನರ್ ಯಂತ್ರ ಇದೆ ಅಂತ ಧೈರ್ಯ ಮಾಡಬೇಡಿ. ಅದರ ರೋಲರ್‌ಗಳು ಹಲಗೆಯನ್ನು ಒತ್ತಿ ಚಪ್ಪಟೆ ಮಾಡಿ ಒಳಗೆ ಎಳೆದುಕೊಳ್ಳುತ್ತವೆ. ಹೊರಗೆ ಬಂದ ತಕ್ಷಣ ಹಲಗೆ ಮತ್ತೆ ಸೊಟ್ಟ. ತೆಳ್ಳಗಾಗಿರುತ್ತದೆ, ಅಷ್ಟೇ. ಮೊದಲು ಒಂದು ಮುಖ ಸಮ ಆಗಬೇಕು. ಅದನ್ನು ಮಾಡುವ ಯಂತ್ರ ಜಾಯಿಂಟರ್. ಅದು ಇಲ್ಲದಿದ್ದರೆ ಚಪ್ಪಟೆ ಪ್ಲೈವುಡ್ ಮೇಲೆ ಹಲಗೆ ಇಟ್ಟು, ಅಲ್ಲಾಡುವ ಮೂಲೆಗಳ ಕೆಳಗೆ ಚಕ್ಕೆ ಕೊಟ್ಟು, ಪ್ಲೈವುಡ್ ಸಮೇತ ಪ್ಲೇನರ್‌ಗೆ ಕೊಡಿ.

ಇನ್ನು ಅಗಲಕ್ಕೆ ದೋಣಿಯಂತೆ ಬಾಗಿದ ಹಲಗೆ. ಎಲ್ಲರಿಗೂ ಎದುರಾಗುವುದು ಇದೇ, ಅಲ್ವಾ? ಮರ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು ಜಾಸ್ತಿ. ಹಾಗಾಗಿ ಹಲಗೆಯ ತೊಗಟೆ ಕಡೆಯ ಮುಖ ತಗ್ಗಾಗುತ್ತದೆ. ತುದಿ ನೋಡಿ, ಉಂಗುರಗಳು ನೆಟ್ಟಗಾಗಲು ಹೊರಟ ಹಾಗೆ ಕಾಣುತ್ತದೆ.

ಇದಕ್ಕೆ ಮದ್ದು ಗರಗಸ. 300 ಮಿಲಿಮೀಟರ್ ಅಗಲದ ಹಲಗೆ ನಡುವೆ 4 ಮಿಲಿಮೀಟರ್ ತಗ್ಗಿದೆ ಅಂದುಕೊಳ್ಳಿ. ಉದ್ದಕ್ಕೆ ನಟ್ಟನಡುವೆ ಸೀಳಿ ಎರಡು ಮಾಡಿ. ಒಂದೊಂದರಲ್ಲಿ ಉಳಿಯುವ ತಗ್ಗು ಎಷ್ಟು? ಎರಡಲ್ಲ, ಬರೀ 1 ಮಿಲಿಮೀಟರ್. ಅಗಲ ಅರ್ಧ ಆದರೆ ತಗ್ಗು ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತರಿಗೆ ಅದು ದೊಡ್ಡ ಕೆಲಸವೇ ಅಲ್ಲ. ಅಷ್ಟು ಚೆಂದದ ಅಗಲ ಹಲಗೆಯನ್ನು ಸೀಳಲು ಹೊಟ್ಟೆ ಉರಿಯುತ್ತದೆ, ನನಗೂ ಉರಿದಿದೆ. ಆದರೆ ಅದೇ ಜಾಗಕ್ಕೆ, ಅದೇ ದಿಕ್ಕಿಗೆ ವಾಪಸ್ ಅಂಟಿಸಿ. ಎಳೆ ಹೊಂದಿಕೊಂಡರೆ ಆ ಗೆರೆ ಹುಡುಕಿದರೂ ಸಿಗುವುದು ಕಷ್ಟ.

ಹಲಗೆಗಳನ್ನು ಅಂಟಿಸುವಾಗ ಉಂಗುರಗಳ ಬಾಗು ಒಂದರಲ್ಲಿ ಮೇಲೆ, ಪಕ್ಕದ್ದರಲ್ಲಿ ಕೆಳಗೆ ಬರುವಂತೆ ಜೋಡಿಸಬೇಕು ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಮುಂದೆ ಮರ ಅಲುಗಿದಾಗ ಮೇಜು ಅಲೆಅಲೆಯಾಗುತ್ತದೆ. ಎಲ್ಲ ಒಂದೇ ಕಡೆ ಇದ್ದರೆ ಒಂದು ಸಣ್ಣ ಕಮಾನು ಬರಬಹುದು, ಅದನ್ನು ಕೆಳಗಿನ ಚೌಕಟ್ಟಿನ ಸ್ಕ್ರೂಗಳು ಹಿಡಿಯುತ್ತವೆ. ಸ್ಕ್ರೂ ತೂತು ಮಾತ್ರ ಅಗಲದ ಕಡೆಗೆ ಉದ್ದುದ್ದ ಇರಲಿ. ಮರಕ್ಕೆ ಹಿಗ್ಗಲು ಕುಗ್ಗಲು ಜಾಗ ಬೇಕು. ನಾನಂತೂ ಉಂಗುರ ನೋಡುವುದಿಲ್ಲ, ಚೆಂದದ ಮುಖ ಯಾವುದೋ ಅದನ್ನು ಮೇಲೆ ಇಡುತ್ತೇನೆ.

ಅಂಟಿಸಿದ ಮೇಲೂ ಒಂದು ಎಚ್ಚರ ಬೇಕು. ಕ್ಲಾಂಪ್ ಬಿಚ್ಚಿದ ಮೇಲ್ಹಲಗೆಯನ್ನು ಬೆಂಚಿನ ಮೇಲೆ ಅಂಗಾತ ಬಿಟ್ಟು ಮನೆಗೆ ಹೋಗಬೇಡಿ. ಗಾಳಿ ಮೇಲಿನ ಮುಖಕ್ಕೆ ಮಾತ್ರ ತಾಗುತ್ತದೆ. ಆ ಮುಖ ಬೇಗ ಒಣಗಿ ಕುಗ್ಗುತ್ತದೆ, ಅಂಚುಗಳು ಮೇಲೇಳುತ್ತವೆ. ಅಷ್ಟೆಲ್ಲ ಹತ್ತರಿ ಹೊಡೆದ ಶ್ರಮ ಒಂದೇ ರಾತ್ರಿಗೆ ಹೋಗುತ್ತದೆ. ಕೆಳಗೆ ನಾಲ್ಕು ಪಟ್ಟಿ ಕೊಡಿ, ಎರಡೂ ಕಡೆ ಗಾಳಿ ಆಡಲಿ.

ಈ ವಾರ ನೀವು ಅಂಟಿಸಲು ಕೂರುವವರಿದ್ದರೆ, ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ಕ್ಲಾಂಪ್ ಹಾಕಿ. ಸಂದುಗಳು ಸ್ವಲ್ಪ ಬಿಗಿತಕ್ಕೇ ಮುಚ್ಚಬೇಕು. ಆಮೇಲೆ ಎಲ್ಲ ಬಿಚ್ಚಿ, ಪ್ರತಿ ಹಲಗೆಯನ್ನೂ ಒಂದೊಂದಾಗಿ ಸಮತಟ್ಟಾದ ಮೇಜಿನ ಮೇಲಿಟ್ಟು ನಾಲ್ಕೂ ಮೂಲೆ ಬೆರಳಲ್ಲಿ ತಟ್ಟಿ. ಟಕ್ ಟಕ್ ಅಂತ ಅಲ್ಲಾಡಿದ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಅವತ್ತು ಅಂಟು ಬೇಡ.