ಐದು ಸೆಂಟಿನ ಟಿಕೆಟ್ಟು, ಕ್ವೀನ್ಸ್‌ನ ಹಳಿಗಳು

ಕೇಳುಗರಿಗೆ ನಮಸ್ಕಾರ.

1904ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಸುರಂಗ ರೈಲು ಓಡಾಟ ಆರಂಭಿಸಿದಾಗ ಅದರ ದರ ಐದು ಸೆಂಟ್. ಮುಂದಿನ ನಿಲ್ದಾಣದಲ್ಲೇ ಇಳಿದರೂ ಅಷ್ಟೇ, ಕೊನೆಯವರೆಗೆ ಹೋದರೂ ಅಷ್ಟೇ. ಈ ದರ 1948ರವರೆಗೆ ಏರಲಿಲ್ಲ. ಸುತ್ತಲಿನ ಉಪನಗರ ರೈಲುಗಳನ್ನು ಕಂಗೆಡಿಸಿದ್ದು ಸುರಂಗ ರೈಲಿನ ವೇಗಕ್ಕಿಂತಲೂ ಈ ಐದು ಸೆಂಟೇ ಎಂಬುದು ನನ್ನ ಎಣಿಕೆ.

ಈಸ್ಟ್ ನದಿಯಾಚೆಯ ಕ್ವೀನ್ಸ್ ಪ್ರದೇಶವನ್ನೇ ನೋಡೋಣ. ಅಲ್ಲಿ ಲಾಂಗ್ ಐಲ್ಯಾಂಡ್ ರೈಲ್‌ರೋಡ್ ಕಂಪನಿಯ ಹಳಿಗಳು ಮೊದಲೇ ಇದ್ದವು. 1910ರಲ್ಲಿ ನದಿಯಡಿಯ ಸುರಂಗಗಳು ತೆರೆದ ಮೇಲೆ ಅದರ ವಿದ್ಯುತ್ ಗಾಡಿಗಳು ನೇರವಾಗಿ ಮ್ಯಾನ್‌ಹಟನ್‌ನ ಪೆನ್ಸಿಲ್ವೇನಿಯಾ ನಿಲ್ದಾಣಕ್ಕೇ ಬರತೊಡಗಿದವು. ಆದರೆ ಅಲ್ಲಿ ದೂರ ಹೆಚ್ಚಿದಂತೆ ದರವೂ ಹೆಚ್ಚುತ್ತಿತ್ತು. 1913ರಲ್ಲಿ ನಗರಾಡಳಿತವು ಎರಡು ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದಗಳ ಫಲವಾಗಿ ಅಗ್ಗದ ಗಾಡಿ ಕ್ವೀನ್ಸ್‌ಗೂ ಬಂತು. ಹೆಸರಿಗೆ ಸುರಂಗ ರೈಲಾದರೂ ಇಲ್ಲಿ ಅದು ಬಹುಪಾಲು ಉಕ್ಕಿನ ಕಂಬಗಳ ಮೇಲೆ, ಆಗಿನ್ನೂ ಮನೆಗಳೇ ಏಳದ ಬಯಲುಗಳ ನಡುವೆ ಸಾಗುತ್ತಿತ್ತು. 1917ರಲ್ಲಿ ಕೊರೋನಾ ಬಡಾವಣೆಯನ್ನು ತಲುಪಿದ ಮಾರ್ಗ 1928ರ ಜನವರಿಯಲ್ಲಿ ಫ್ಲಶಿಂಗ್‌ನ ಮೇನ್ ಸ್ಟ್ರೀಟ್‌ವರೆಗೆ ಬೆಳೆಯಿತು. ಈ ಮಾರ್ಗ ಹಾದುಹೋದ ಜಾಕ್ಸನ್ ಹೈಟ್ಸ್‌ನಲ್ಲಿ ಸಾಲುಸಾಲಾಗಿ ವಸತಿ ಸಮುಚ್ಚಯಗಳು ಎದ್ದವು. 1910ರಲ್ಲಿ ಸುಮಾರು 2.84 ಲಕ್ಷವಿದ್ದ ಕ್ವೀನ್ಸ್‌ನ ಜನಸಂಖ್ಯೆ 1930ರ ಹೊತ್ತಿಗೆ 10.79 ಲಕ್ಷವಾಯಿತು. ಇದರಲ್ಲಿ 1909ರ ಕ್ವೀನ್ಸ್‌ಬರೋ ಸೇತುವೆಗೂ, 1920ರ ದಶಕದಲ್ಲಿ ಹೊಸ ಮನೆಗಳಿಗೆ ದೊರೆತ ತೆರಿಗೆ ವಿನಾಯಿತಿಗೂ ಪಾಲಿದೆಯೆಂಬುದನ್ನು ಮರೆಯಬಾರದು.

ಊರು ಬೆಳೆದಷ್ಟೂ ಹಳೆಯ ರೈಲಿಗೆ ಲಾಭವಾಗಬೇಕಿತ್ತಲ್ಲವೇ? ಆದದ್ದು ಬೇರೆ. ಸಮೀಪದ ಪ್ರಯಾಣಿಕರಲ್ಲಿ ಬಹಳ ಮಂದಿ ಐದು ಸೆಂಟಿನ ಗಾಡಿ ಹತ್ತಿದರು. ಹಳೆಯ ಕಂಪನಿಗೆ ಮುಖ್ಯವಾಗಿ ಉಳಿದದ್ದು ನಗರದ ಗಡಿಯಾಚೆಯಿಂದ ಬೆಳಿಗ್ಗೆ ಬಂದು ಸಂಜೆ ಮರಳುವವರು. ಆ ಎರಡು ಹೊತ್ತಿನ ನೂಕುನುಗ್ಗಲಿಗಾಗಿ ಇಟ್ಟುಕೊಂಡ ಬೋಗಿಗಳೂ ಸಿಬ್ಬಂದಿಯೂ ಉಳಿದ ಹೊತ್ತು ಕೆಲಸವಿಲ್ಲದಿದ್ದರೂ ವೆಚ್ಚವನ್ನಂತೂ ತರುತ್ತಿದ್ದರು. ನಷ್ಟದ ವೈಟ್‌ಸ್ಟೋನ್ ಶಾಖೆಯನ್ನು ನಗರಾಡಳಿತವೇ ವಹಿಸಿಕೊಳ್ಳಲೆಂಬ ಕಂಪನಿಯ ಪ್ರಯತ್ನ ಫಲಿಸದೆ 1932ರಲ್ಲಿ ಆ ಶಾಖೆ ಮುಚ್ಚಿತು. 1949ರಲ್ಲಿ ಕಂಪನಿಯೇ ದಿವಾಳಿಯೆದ್ದಿತು.

ಮರುವರ್ಷ ಕ್ವೀನ್ಸ್‌ನ ದಕ್ಷಿಣಕ್ಕಿರುವ ಜಮೈಕಾ ಕೊಲ್ಲಿಯ ಮೇಲಿನ ಅದರ ಮರದ ಸೇತುವೆ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಲು ಕಂಪನಿ ಮುಂದಾಗಲಿಲ್ಲ. ನಗರಾಡಳಿತವು ಆ ಮಾರ್ಗವನ್ನು ಕೊಂಡು, ದುರಸ್ತಿ ಮಾಡಿ, 1956ರಲ್ಲಿ ಕಡಲತೀರದ ರಾಕವೇವರೆಗೆ ತನ್ನ ಸುರಂಗ ರೈಲನ್ನು ಓಡಿಸಿತು. ಅಷ್ಟು ದೂರ ಹೋಗುವವರಿಂದ ಮಾತ್ರ ಎರಡು ಪಟ್ಟು ದರ ಪಡೆಯಿತು.