ಸೇರಿದವರು ಉಳಿಯಬೇಕು: ಜಿಲ್ಲಾ ವಿಶ್ವವಿದ್ಯಾಲಯಗಳ ದಾಖಲಾತಿಯ ಪ್ರಶ್ನೆ

ಮಾನ್ಯ ಕುಲಪತಿಗಳೇ, ಕುಲಸಚಿವರೇ, ಅಧ್ಯಾಪಕ ಬಂಧುಗಳೇ ಹಾಗೂ ಕಚೇರಿಯ ಸಹೋದ್ಯೋಗಿಗಳೇ,

2022–23ರ ಅವಧಿಯಲ್ಲಿ ಬೀದರ್, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು ಮತ್ತು ಚಾಮರಾಜನಗರಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಇವುಗಳಲ್ಲಿ ಹೆಚ್ಚಿನವು ಅದಕ್ಕೆ ಮೊದಲು ಹಳೆಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೇಂದ್ರಗಳಾಗಿದ್ದಂಥವು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಇವೂ ಸೇರಿದಂತೆ ಹೊಸದಾಗಿ ಆರಂಭವಾದ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಂದುವರಿಸುವುದು ಕಷ್ಟವೆಂದು ಅಭಿಪ್ರಾಯಪಟ್ಟ ಸುದ್ದಿ ಬಂದ ಮೇಲೆ, ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಯರು ಮೊದಲು ಕೇಳುವುದು ಪಾಠದ ವಿಚಾರವನ್ನಲ್ಲ, "ಎರಡು ವರ್ಷ ಕಳೆದ ಮೇಲೆ ಸರ್ಟಿಫಿಕೇಟು ಯಾವ ಯೂನಿವರ್ಸಿಟಿಯದು ಬರುತ್ತದೆ ಸ್ವಾಮಿ?" ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ದಾಖಲಾತಿ ಕೌಂಟರಿನಲ್ಲಿ ಕುಳಿತ ಗುಮಾಸ್ತರು ಒಬ್ಬೊಬ್ಬರು ಒಂದೊಂದು ಉತ್ತರ ಕೊಡುವಂತಾಗಬಾರದು. ರಾಜ್ಯದ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನಂತೆ ಪದವಿ ನೀಡುವ ಅಧಿಕಾರವಿದೆ ಎಂಬುದನ್ನು ಮಾಹಿತಿ ಪುಸ್ತಿಕೆಯ ಮೊದಲ ಪುಟದಲ್ಲಿಯೇ, ಓದಿದ ಕೂಡಲೇ ತಿಳಿಯುವ ಕನ್ನಡದಲ್ಲಿ, ಕುಲಸಚಿವರ ಸಹಿಯೊಂದಿಗೆ ಅಚ್ಚು ಮಾಡಿಸಬೇಕೆಂದು ನನ್ನ ವಿನಂತಿ.

ದಾಖಲಾತಿ ಹೆಚ್ಚಿಸುವ ಮಾತು ಬಂದಾಗಲೆಲ್ಲ ನಾವು ಫ್ಲೆಕ್ಸ್, ಜಾಹೀರಾತು, ಹೊಸ ಕೋರ್ಸುಗಳ ಕಡೆಗೆ ಓಡುತ್ತೇವೆ. ಅದಕ್ಕೂ ಮೊದಲು ಜಿಲ್ಲೆಯ ನಕ್ಷೆಯನ್ನು ಎದುರಿಗಿಟ್ಟುಕೊಳ್ಳಬೇಕು. ಚಾಮರಾಜನಗರವನ್ನೇ ನೋಡಿ. ಕೊಳ್ಳೇಗಾಲದ ವಿದ್ಯಾರ್ಥಿಗೆ ಮೈಸೂರಿನ ಬಸ್ಸು ಸದಾ ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಹೆಸರು ಮನೆಯವರಿಗೆಲ್ಲ ಗೊತ್ತಿದೆ. ಅಂಥವನನ್ನು ಚಾಮರಾಜನಗರ ವಿಶ್ವವಿದ್ಯಾಲಯದ ಸುವರ್ಣಗಂಗೋತ್ರಿಯ ಆವರಣಕ್ಕೆ ಕರೆತರುವುದು ಸುಲಭವಲ್ಲ. ಆದರೆ ಹನೂರಿನ ಆಚೆಯ ಊರುಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ (ಹಾಡಿಗಳಲ್ಲಿ), ಬಿ.ಎ. ಮುಗಿಸಿ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳಿಗೆ ಮೈಸೂರು ಮೊದಲಿನಿಂದಲೂ ಆಯ್ಕೆಯೇ ಆಗಿರಲಿಲ್ಲ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಕೆಂದು ವಾದಿಸುವಾಗ ನನ್ನ ಕಣ್ಣ ಮುಂದೆ ಇರುವವರು ಇವರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಇವರ ಪ್ರಯಾಣದ ಖರ್ಚು ಇಲ್ಲವಾಗಿದೆ, ನಿಜ. ಆದರೆ ಸಂಜೆಯ ಕೊನೆಯ ಬಸ್ಸು ತರಗತಿ ಮುಗಿಯುವುದಕ್ಕೆ ಮೊದಲೇ ಹೊರಟುಹೋದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ವೇಳಾಪಟ್ಟಿ ಸಿದ್ಧಪಡಿಸುವ ಅಧ್ಯಾಪಕರು ಒಮ್ಮೆ ಸಾರಿಗೆ ಘಟಕದ ವ್ಯವಸ್ಥಾಪಕರೊಂದಿಗೆ ಕುಳಿತು ಮಾತನಾಡಿದರೆ, ಕೆಲವು ವಿದ್ಯಾರ್ಥಿಗಳು ಓದು ಬಿಡದೆ ಉಳಿಯುತ್ತಾರೆ. ಇದು ನನ್ನ ಅನುಭವದ ಮಾತು.

ಪದವಿ ಕಾಲೇಜುಗಳಿಗೆ ನಾವು ಹೋಗುವ ಸಮಯವೂ ತಪ್ಪಾಗಿದೆ. ಫಲಿತಾಂಶ ಬಂದು ಅರ್ಜಿ ಕರೆದ ಮೇಲೆ ಹೋದರೆ ವಿದ್ಯಾರ್ಥಿಗಳು ಅಲ್ಲಿರುವುದಿಲ್ಲ. ಆರನೇ ಸೆಮಿಸ್ಟರಿನ ತರಗತಿಗಳು ನಡೆಯುತ್ತಿರುವಾಗಲೇ, ಅದೇ ಕಾಲೇಜಿನಿಂದ ಬಂದು ನಮ್ಮಲ್ಲಿ ಓದುತ್ತಿರುವವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಬೇಕು, ಮಾತನ್ನು ಅವರಿಗೇ ಬಿಡಬೇಕು.

ಇನ್ನು, ಸೇರಿದವರು ಬಿಟ್ಟುಹೋಗುವ ವಿಚಾರ. ಈ ಸೋರಿಕೆ ಹೆಚ್ಚಾಗಿ ಮೊದಲ ಆರೇಳು ವಾರಗಳಲ್ಲಿ, ಮೊದಲ ಆಂತರಿಕ ಪರೀಕ್ಷೆಗೂ ಮುನ್ನವೇ ಆಗುತ್ತದೆ. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಹಾಸ್ಟೆಲ್ ಆಯ್ಕೆಪಟ್ಟಿ ತರಗತಿ ಶುರುವಾದ ಎಷ್ಟೋ ದಿನಗಳ ನಂತರ ಬರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಯ ನೆರವು ಇದೆಯಾದರೂ, ಆ ಹಣ ಕೈಗೆ ಬರುವ ಮೊದಲೇ ರೂಮಿನ ಮುಂಗಡ ಕೊಡಬೇಕಾಗುತ್ತದೆ. ಇದೇ ವಾರಗಳಲ್ಲಿ ಅತಿಥಿ ಉಪನ್ಯಾಸಕರ ನೇಮಕದ ಆದೇಶ ಆಗಿರುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಬಂದ ವಿದ್ಯಾರ್ಥಿ ಖಾಲಿ ಕೊಠಡಿಯಲ್ಲಿ ಕುಳಿತು ವಾಪಸಾಗುತ್ತಾನೆ. ಹೀಗೆ ಮೂರು ದಿನ ಆದರೆ ನಾಲ್ಕನೆಯ ದಿನ ಅವನು ಏಕೆ ಬರಬೇಕು?

ನಾನು ವಿಭಾಗದ ಹೊಣೆ ಹೊತ್ತಿದ್ದ ಕಾಲದಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದಳು. ಮದುವೆ ಗೊತ್ತಾಗಿರಬೇಕೆಂದು ನಾವೆಲ್ಲ ಊಹಿಸಿ ಸುಮ್ಮನಾದೆವು. ಒಂದು ವರ್ಷದ ನಂತರ ಅವಳ ತಮ್ಮನಿಂದ ಕಾರಣ ತಿಳಿಯಿತು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿದ್ದ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿತ್ತು. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಅಲ್ಲಿಯೇ ನಿಂತಿತ್ತು. ಶುಲ್ಕದ ಬಾಕಿ ಕೇಳುತ್ತಾರೆಂಬ ನಾಚಿಕೆಯಿಂದ ಅವಳು ಮನೆಯಲ್ಲಿ ಉಳಿದಿದ್ದಳು. ನಮ್ಮ ಕಚೇರಿಯಲ್ಲಿ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದ್ದರೆ ಆ ತೊಡಕು ಬಿಡಿಸಬಹುದಾಗಿತ್ತು. ಆ ಊಹೆಗಾಗಿ ನನಗೆ ಇಂದಿಗೂ ಸಂಕಟವಾಗುತ್ತದೆ.

ಆದ್ದರಿಂದ ದಾಖಲಾತಿಯ ದಿನವೇ ಆಧಾರ್ ಹೆಸರು, ಬ್ಯಾಂಕ್ ಖಾತೆಯ ಜೋಡಣೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪರಿಶೀಲಿಸಿ, ತೊಡಕಿರುವವರ ಪಟ್ಟಿ ಮಾಡುವ ಒಂದು ಮೇಜು ಬೇಕು. ಅದಕ್ಕೆ ವರ್ಷವಿಡೀ ಹೊಣೆಗಾರರಾದ ಒಬ್ಬ ನೌಕರರೂ ಬೇಕು. ವಿದ್ಯಾರ್ಥಿವೇತನ ಬರುವವರೆಗೆ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡುವ ನಿರ್ಣಯವನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮಾಡಬೇಕು, ಬಾಕಿಯ ಕಾರಣಕ್ಕೆ ಹಾಲ್ ಟಿಕೆಟ್ ತಡೆಹಿಡಿಯುವ ಪದ್ಧತಿ ನಿಲ್ಲಬೇಕು.

ಬಿ.ಎಡ್. ಸೀಟು ಸಿಕ್ಕಿತೆಂದು ಎಂ.ಎ. ಬಿಟ್ಟು ಹೋಗುವವರನ್ನು ನಾವು ಕೋಪದಿಂದ ಬೀಳ್ಕೊಡುತ್ತೇವೆ. ಅವರ ಲೆಕ್ಕಾಚಾರ ಸರಿಯಾಗಿಯೇ ಇದೆ: ಪ್ರೌಢಶಾಲೆಯಲ್ಲಿ ಪಾಠ ಮಾಡಲು ಬಿ.ಎಡ್. ಬೇಕು. ಆದರೆ ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಅದರ ಜೊತೆಗೆ ಸ್ನಾತಕೋತ್ತರ ಪದವಿಯೂ ಬೇಕು. ಹೋಗುವವರ ವಿಳಾಸ, ದೂರವಾಣಿ ಸಂಖ್ಯೆ ಬರೆದಿಟ್ಟುಕೊಂಡು, ಎರಡು ವರ್ಷದ ಬಿ.ಎಡ್. ಮುಗಿಯುವ ಹೊತ್ತಿಗೆ ಪತ್ರ ಬರೆದು ಕರೆದರೆ, ಹೊಸ ಜಾಹೀರಾತಿಗಿಂತ ಹೆಚ್ಚು ಜನ ಅದರಿಂದಲೇ ಬರುತ್ತಾರೆಂಬುದು ನನ್ನ ನಂಬಿಕೆ.

ಕನ್ನಡ ಮಾಧ್ಯಮದಲ್ಲಿ ಪಿಯುಸಿವರೆಗೆ ಓದಿ ಎಂ.ಎಸ್ಸಿ.ಗೆ ಬಂದವರ ಕಷ್ಟ ಬೇರೆಯೇ. ಅವರಿಗೆ ವಿಷಯ ಗೊತ್ತಿರುತ್ತದೆ, ಇಂಗ್ಲಿಷಿನಲ್ಲಿ ಉತ್ತರ ಬರೆಯುವ ರೂಢಿ ಇರುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ಪತ್ರಿಕೆ ಬಾಕಿ ಉಳಿಸಿಕೊಂಡರೆಂದರೆ ಧೈರ್ಯವೇ ಕುಗ್ಗುತ್ತದೆ. ಮೊದಲ ತಿಂಗಳಿನಲ್ಲಿ ವಾರಕ್ಕೆರಡು ಗಂಟೆ, ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಬರೆಸುವ ಅಭ್ಯಾಸಕ್ಕೆ ಮೀಸಲಿಡಿ.

ಸಾವಿರಾರು ವಿದ್ಯಾರ್ಥಿಗಳಿರುವ ಆವರಣದಲ್ಲಿ ಪ್ರತಿಯೊಬ್ಬರ ಮುಖ ಗುರುತಿಡುವುದು ಆಗದ ಮಾತು. ಇಲ್ಲಿ ಒಂದು ವಿಭಾಗದಲ್ಲಿ ಹದಿನೈದೋ ಇಪ್ಪತ್ತೋ ಮಂದಿ ಇರುತ್ತಾರೆ. ಪ್ರತಿ ಸೋಮವಾರ ಬೆಳಿಗ್ಗೆ ಹಾಜರಾತಿ ಪುಸ್ತಕ ತೆರೆದು, ಹಿಂದಿನ ವಾರ ಮೂರು ದಿನ ಬಾರದವರಿಗೆ ಅವರನ್ನು ಬಲ್ಲ ಅಧ್ಯಾಪಕರೇ ಫೋನ್ ಮಾಡಿ, "ಏನಾಯಿತಪ್ಪ, ಯಾಕೆ ಬರಲಿಲ್ಲ?" ಎಂದು ಕೇಳುವ ಕೆಲಸವನ್ನು ಈ ಸೆಮಿಸ್ಟರಿನ ಎರಡನೇ ವಾರದಿಂದಲೇ ಆರಂಭಿಸಬೇಕೆಂದು ಪ್ರತಿಯೊಂದು ವಿಭಾಗವನ್ನೂ ಕೇಳಿಕೊಳ್ಳುತ್ತೇನೆ.